ಸಹಾಯ ಬೇಕು: ಫ್ಲಾಸ್ಕ್ ಕಳಿಸೋ ಜೇಸನ್‌ನಲ್ಲಿ ಸಮಯದ ಕೊನೆಗೆ ಜಿಎಂಟಿ ಅಂಟಿಕೊಳ್ತಿದೆ

ಎಲ್ಲರಿಗೂ ನಮಸ್ಕಾರ. ಫ್ಲಾಸ್ಕ್‌ನಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಒಂದು ಚಿಕ್ಕ ಆ್ಯಪ್ ಬರೀತಿದ್ದೀನಿ. ಡೇಟಾಬೇಸ್‌ನಿಂದ ಕೆಲಸಗಳ ಪಟ್ಟಿ ತೆಗೆದು ಜೇಸನ್ (ಡೇಟಾ ಕಳಿಸೋಕೆ ಬಳಸೋ ಪಠ್ಯ ರೂಪ) ಆಗಿ ಕಳಿಸೋದು, ಅಷ್ಟೇ. ಡೇಟಾಬೇಸ್ ಓದೋಕೆ ಬಳಸೋ ಎಸ್‌ಕ್ಯುಎಲ್‌ಆಲ್ಕೆಮಿ ಲೈಬ್ರರಿಯ ಆಬ್ಜೆಕ್ಟನ್ನ ಹಾಗೇ ಕೊಟ್ಟರೆ, ಜೇಸನ್ ಮಾಡಿ ಕೊಡೋ ಫ್ಲಾಸ್ಕ್‌ನ ಜೇಸನಿಫೈ ಫಂಕ್ಷನ್ ಒಪ್ಪಲ್ಲ, ಟೈಪ್ ಎರರ್ ಬರುತ್ತೆ. ಹಾಗಾಗಿ ಪ್ರತಿ ಮಾಡೆಲ್‌ಗೂ ಡಿಕ್ಷನರಿ ಕೊಡೋ ಮೆಥಡ್ ಬರೆದೆ. ಅಲ್ಲಿವರೆಗೆ ಸರಿಹೋಯ್ತು.

ತಲೆನೋವು ಸಮಯದ್ದು. ಡೇಟಾಬೇಸ್‌ನಲ್ಲಿ ಇರೋದು ಸ್ಥಳೀಯ ಸಮಯ, ಟೈಮ್‌ಝೋನ್ ಇಲ್ಲದ ಡೇಟ್‌ಟೈಮ್, ಉದಾಹರಣೆಗೆ 14:30. ಫ್ಲಾಸ್ಕ್ ಅದನ್ನ ವಾರದ ಹೆಸರು, ತಿಂಗಳು ಎಲ್ಲ ಸೇರಿಸಿ ಉದ್ದ ಸ್ಟ್ರಿಂಗ್ ಮಾಡಿ, ಕೊನೆಗೆ ಜಿಎಂಟಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರೋ ಗ್ರೀನಿಚ್ ಸಮಯ) ಅಂತ ಹಾಕಿ ಕಳಿಸುತ್ತೆ. ಬ್ರೌಸರ್ ಅದನ್ನ ನಂಬಿ ಇನ್ನೂ ಐದೂವರೆ ಗಂಟೆ ಕೂಡಿಸಿ 20:00 ತೋರಿಸುತ್ತೆ! ಜಿಎಂಟಿ ಹಾಕು ಅಂತ ಯಾರು ಕೇಳಿದ್ರೋ.

ಪೈಥಾನ್‌ನದೇ ಜೇಸನ್ ಡಂಪ್ಸ್ ಫಂಕ್ಷನ್‌ಗೆ ಡಿಫಾಲ್ಟ್ ಆಗಿ ಎಸ್‌ಟಿಆರ್ (ಏನನ್ನಾದ್ರೂ ಸ್ಟ್ರಿಂಗ್ ಮಾಡೋದು) ಕೊಟ್ಟೂ ನೋಡಿದೆ. ಸಮಯ ಸರಿಯಾಗಿ ಬಂತು, ಆದ್ರೆ ಬರೀ ಸ್ಟ್ರಿಂಗ್ ರಿಟರ್ನ್ ಆಗೋದ್ರಿಂದ ಕಂಟೆಂಟ್ ಟೈಪ್ ಎಚ್‌ಟಿಎಂಎಲ್ ಅಂತ ಹೋಗ್ತಿದೆ. ಪ್ರತಿ ರೂಟ್‌ನಲ್ಲೂ (ಒಂದೊಂದು ಯುಆರ್‌ಎಲ್‌ಗೆ ಉತ್ತರಿಸೋ ಫಂಕ್ಷನ್) ಹೆಡರ್ ಬರೆಯೋಕೆ ಮನಸ್ಸಿಲ್ಲ. ಹಳೇ ಉತ್ತರಗಳಲ್ಲಿ ಜೇಸನ್ ಎನ್‌ಕೋಡರ್ ಬದಲಾಯಿಸಿ ಅಂತಿದೆ, ಅದನ್ನ ಫ್ಲಾಸ್ಕ್ 2.3ರಲ್ಲಿ ತೆಗೆದೇಬಿಟ್ಟಿದ್ದಾರೆ. ಈಗ ಅದರ ಬದಲು ಡಿಫಾಲ್ಟ್ ಜೇಸನ್ ಪ್ರೊವೈಡರ್ ಅಂತೊಂದು ಕ್ಲಾಸ್ ಇದೆ.

ನನ್ನ ಪ್ರಶ್ನೆ: ಆ ಕ್ಲಾಸನ್ನ ಇನ್‌ಹೆರಿಟ್ ಮಾಡಿ ಡೇಟ್‌ಟೈಮ್‌ಗೆ ಒಂದೇ ಕಡೆ ಐಸೋಫಾರ್ಮ್ಯಾಟ್ (ಜಿಎಂಟಿ ಅಂಟಿಸದೆ ಸ್ಟ್ರಿಂಗ್ ಮಾಡೋ ಮೆಥಡ್) ಹಾಕಿದ್ರೆ, ಜೇಸನಿಫೈ ಕರೆಯದೆ ನೇರವಾಗಿ ಡಿಕ್ಷನರಿ ರಿಟರ್ನ್ ಮಾಡೋ ರೂಟ್‌ಗಳಿಗೂ ಅದು ಅನ್ವಯ ಆಗುತ್ತಾ? ಇಲ್ಲಾ ಪ್ರತಿ ಮಾಡೆಲ್‌ನ ಮೆಥಡ್‌ನಲ್ಲೇ ಬರೆಯೋದು ವಾಸೀನಾ? ಮಾಡಿರೋರು ಯಾರಾದ್ರೂ ಇದ್ರೆ ನಾಲ್ಕು ಸಾಲು ಕೋಡ್ ಹಾಕಿ ಪ್ಲೀಸ್.