ಯಾವ 'ಆಯ್ತು'?

ಭಾನುವಾರ ಬೆಳಿಗ್ಗೆ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತಿದ್ದೆವು. ಮದುಮಗ ಫೋನನ್ನು ನಮ್ಮ ಮೂಗಿಗೇ ಹಿಡಿದ. ಮದುವೆಯಾಗಿ ಎರಡು ವರ್ಷವಾದರೂ ಅವನಿಗೆ ಅದೇ ಹೆಸರು.

"ಮಧ್ಯಾಹ್ನ ಊಟಕ್ಕೆ ನೀವೆಲ್ಲ ಬರ್ತೀರಿ ಅಂತ ಮನೆಗೆ ಮೆಸೇಜ್ ಹಾಕಿದೆ. 'ಆಯ್ತು' ಅಂತ ಬಂದಿದೆ. ಇದು ಯಾವ ಆಯ್ತು?"

ಮೇಷ್ಟ್ರು ಕನ್ನಡಕ ಏರಿಸಿದರು. "ಕೊನೆಗೆ ಚುಕ್ಕಿ ಇದೆಯಾ?"

"ಇದೆ."

"ಹಾಗಾದ್ರೆ ನಾನು ಬರಲ್ಲಪ್ಪ."

"ಐಫೋನ್ ಕೊಡಿಸು," ಅಂದೆ ನಾನು. "2024ರಲ್ಲಿ ಬಂದ ಅದರ ಸಾಫ್ಟ್‌ವೇರ್ ಐಒಎಸ್ 18ರಲ್ಲಿ ಬರೀ ಒಂದು ಪದವನ್ನೂ ನಡುಗಿಸಬಹುದು, ಸಿಡಿಸಬಹುದು. ಸಿಟ್ಟಿದ್ದರೆ 'ಆಯ್ತು' ಗಡಗಡ ಅಂತಿತ್ತು."

"ಸಿಟ್ಟು ಬಂದಾಗ ಮೆನು ತೆಗೆದು 'ನಡುಗು' ಅಂತ ಆರಿಸ್ತಾ ಯಾರು ಕೂರ್ತಾರೋ? ಅಷ್ಟರಲ್ಲಿ ಅದು ಇಳಿದೇ ಹೋಗಿರುತ್ತೆ," ಎಂದರು ಮೇಷ್ಟ್ರು.

"ಇಳಿದರೆ ಲಾಭ ಅಲ್ವಾ?" ಎಂದ ಮದುಮಗ.

ನಮ್ಮ ಸೋಡಾಬುಡ್ಡಿ ಒಂದು ಕಾಲಕ್ಕೆ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದವನು. ನಕ್ಕ. "ಹಳೇ ಸರಕು ಕಣ್ರೋ. ಬಟನ್ ಫೋನ್ ಕಾಲದಲ್ಲೇ ಎಸ್ಎಂಎಸ್‌ಗೆ ಇಎಂಎಸ್ ಅಂತ ಒಬ್ಬ ತಮ್ಮ ಇದ್ದ. ಕುಣಿಯೋ ಗೊಂಬೆ ಫೋನಿನೊಳಗೇ ಇರ್ತಿತ್ತು, ಮೆಸೇಜಲ್ಲಿ ಹೋಗ್ತಿದ್ದದ್ದು ಅದರ ನಂಬರ್ ಮಾತ್ರ. ಮೊದಮೊದಲು ಇದ್ದದ್ದು ಆರು. ತುಂಟತನ, ಖುಷಿ, ಅನುಮಾನ, ಬೇಜಾರು, ಅಬ್ಬಾ, ಅಳು."

ಮೇಷ್ಟ್ರು ಬೆರಳು ಮಡಚಿ ಎಣಿಸಿದರು. "ನಮಗೆ ರಸ ಒಂಬತ್ತು. ಇದರಲ್ಲಿ ರೌದ್ರ ಎಲ್ಲಿ? ಸಿಟ್ಟೇ ಇಲ್ವಲ್ಲೋ! ಮಾಡಿದವರು ಯಾರೋ ಬ್ರಹ್ಮಚಾರಿಗಳು."

"ಬೇಕಿದ್ದರೆ ನಾವೇ ಗೊಂಬೆ ಬರೆದು ಕಳಿಸಬಹುದಿತ್ತು. ಅಗಲ 16 ಚುಕ್ಕಿ, ಎತ್ತರ 16, ಅಂಥ ನಾಲ್ಕು ಚಿತ್ರ. ಆದ್ರೆ ಒಂದು ಎಸ್ಎಂಎಸ್ ಒಳಗಿರೋ ಜಾಗ ಅಂದ್ರೆ 140 ಬೈಟು..."

"ಅಷ್ಟೊಂದು ಕಾಫಿನಾ?"

"ಮುಚ್ಚೋ. ಚಿತ್ರಕ್ಕೇ 128 ಹೋಯ್ತು, ಒಳಗೆ ಚಿತ್ರ ಇದೆ ಅಂತ ಫೋನಿಗೆ ಹೇಳೋ ತಲೆಪಟ್ಟಿಗೆ 4. ಉಳಿದ ಎಂಟರಲ್ಲಿ, ಒಂದಕ್ಕೆ ಎರಡು ಬೈಟಿನಂತೆ, ಕನ್ನಡದ್ದು ನಾಲ್ಕೇ ಚಿಹ್ನೆ ಹಿಡಿಯುತ್ತೆ."

"ಸಾಕಲ್ಲ. 'ಆಯ್ತು' ಎರಡೇ ಅಕ್ಷರ," ಎಂದರು ಮೇಷ್ಟ್ರು.

"ಅದು ನಿಮ್ಮ ಕಾಗುಣಿತದ ಲೆಕ್ಕ ಮೇಷ್ಟ್ರೇ. ಫೋನಿಗೆ ಆ ಒಂದು, ಯ ಒಂದು, ಒತ್ತು ಬರೋಕೆ ಹಲಂತ ಒಂದು, ತ ಒಂದು, ಕೊಂಬು ಒಂದು. ಐದಾಯ್ತು. ಹಿಡಿಯಲ್ಲ."

"ಮತ್ತೇನು ಹಿಡಿಯುತ್ತೆ?"

"ಹೂಂ."

"ಹೂಂ ಅಲ್ಲ, ಏನು ಹಿಡಿಯುತ್ತೆ ಅಂತ ಕೇಳಿದೆ."

"ಅದೇ ಹೇಳಿದ್ದು. 'ಹೂಂ' ಹಿಡಿಯುತ್ತೆ. ಮೂರೇ ಚಿಹ್ನೆ."

ಅಷ್ಟರಲ್ಲಿ ಮದುಮಗನ ಫೋನ್ ಟಣ್ ಎಂದಿತು. ನಾವು ಚಿಹ್ನೆ ಎಣಿಸುವಾಗ ಅವನು ಸುಮ್ನೆ ಇರದೆ ಕೇಳಿದ್ದನಂತೆ: "ಎಲ್ಲರನ್ನೂ ಕರ್ಕೊಂಡು ಬರಲಾ, ಬೇಡ್ವಾ?"

ಉತ್ತರ ಬಂದಿತ್ತು. "ಹೂಂ."

ಚುಕ್ಕಿಯೂ ಇತ್ತು.

ಮೇಷ್ಟ್ರು ಲೋಟ ಕೆಳಗಿಟ್ಟು ಕೌಂಟರ್ ಕಡೆ ನಡೆದರು. "ನಾಲ್ಕು ಮಸಾಲೆ ದೋಸೆ. ಮಧ್ಯಾಹ್ನದವರೆಗೂ ತಡೀಬೇಕು, ಬೆಣ್ಣೆ ಜಾಸ್ತಿ ಹಾಕಿ."