ಟ್ರಿಪ್ಟೊಫ್ಯಾನ್ ಗುಳಿಗೆಯಿಂದ ಹೊಟ್ಟೆಯೂ ನಿದ್ದೆಯೂ ಸರಿಹೋಗುತ್ತವೆಯೇ? ಜೋಳದ ರೊಟ್ಟಿ ಉಣ್ಣುವವರಿಗೆ ಅದರ ಕೊರತೆ ಇದೆಯೇ?

ಕುಷ್ಟಗಿ ಮಾಸ್ತರ:

ನಮ್ಮ ತಂದೆಯವರಿಗೆ 71 ವರ್ಷ. ಕೆಲವು ತಿಂಗಳುಗಳಿಂದ ಅವರಿಗೆ ಹೊಟ್ಟೆಯುಬ್ಬರ, ನಾಲ್ಕು ದಿನ ಮಲಬದ್ಧತೆಯಾದರೆ ಮತ್ತೆರಡು ದಿನ ಭೇದಿ. ಇದರ ಜೊತೆಗೆ ನಿದ್ದೆಯೂ ಹತ್ತುವುದಿಲ್ಲ. ಪರಿಚಯದವರೊಬ್ಬರು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದ (ಪ್ರೋಟೀನಿನ ಒಂದು ಘಟಕವಂತೆ) ಗುಳಿಗೆಗಳನ್ನು ತಂದುಕೊಟ್ಟು, ಮನಸ್ಸನ್ನು ಹಿಡಿತದಲ್ಲಿಡುವ ಸೆರೊಟೋನಿನ್ ತಯಾರಾಗುವುದೇ ಕರುಳಿನಲ್ಲಿ, ಅದನ್ನು ಹೆಚ್ಚಿಸಿದರೆ ಎರಡೂ ತೊಂದರೆ ಒಟ್ಟಿಗೆ ಹೋಗುತ್ತವೆ ಎಂದು ಹೇಳಿದ್ದಾರೆ. ನಾನು ಕಲಿಸುವುದು ಸಮಾಜ ವಿಜ್ಞಾನ. ಇದು ನನ್ನ ತಿಳಿವಳಿಕೆಗೆ ಮೀರಿದ್ದು. ಒಂದು ಅಮೈನೊ ಆಮ್ಲಕ್ಕೂ ಕರುಳಿನ ಸೂಕ್ಷ್ಮಾಣುಗಳಿಗೂ ಮಿದುಳಿಗೂ ಏನು ಸಂಬಂಧ? ಎರಡು ಹೊತ್ತೂ ಜೋಳದ ರೊಟ್ಟಿ ಉಣ್ಣುವ ನಮ್ಮಂಥವರಿಗೆ ಅದು ಸಾಲುವುದಿಲ್ಲವೇ?

ಬಳ್ಳಾರಿ ಜೀವರಸಾಯನ:

ಮಾಸ್ತರರೇ, ನಿಮ್ಮ ಪರಿಚಯದವರು ಅರ್ಧ ಸರಿಯಾಗಿ ಹೇಳಿದ್ದಾರೆ, ಅಪಾಯವಿರುವುದು ಉಳಿದರ್ಧದಲ್ಲಿ. ದೇಹದ ಸೆರೊಟೋನಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ಕರುಳಿನಲ್ಲಿಯೇ ತಯಾರಾಗುತ್ತದೆ ಎಂಬುದು ನಿಜ. ಆದರೆ ಅದು ರಕ್ತದಿಂದ ಮಿದುಳಿನೊಳಕ್ಕೆ ದಾಟಲಾರದು. ಕರುಳಿನಲ್ಲಿ ಅದರ ಕೆಲಸ ಕರುಳನ್ನು ಚಲಿಸುವಂತೆ ಮಾಡುವುದು ಮತ್ತು ಅಲ್ಲಿನ ಸುದ್ದಿಯನ್ನು ಕರುಳನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರದ ಮೂಲಕ ಮಿದುಳಿಗೆ ಮುಟ್ಟಿಸುವುದು. ಅತಿಯಾದರೆ ವಾಕರಿಕೆ, ಭೇದಿ. ಮಿದುಳು ತನಗೆ ಬೇಕಾದ ಸೆರೊಟೋನಿನ್ ಅನ್ನು ತಾನೇ ತಯಾರಿಸಿಕೊಳ್ಳುತ್ತದೆ, ಅದಕ್ಕೆ ಕಚ್ಚಾ ಸಾಮಗ್ರಿಯಾಗಿ ಟ್ರಿಪ್ಟೊಫ್ಯಾನ್ ಬೇಕು.

ನಮ್ಮ ತುಂಗಭದ್ರಾ ಕಾಲುವೆಯನ್ನು ನೆನೆಸಿಕೊಳ್ಳಿ. ಅಣೆಕಟ್ಟೆಯಲ್ಲಿ ನೀರು ಎಷ್ಟಿದೆ ಎಂಬುದಕ್ಕಿಂತ ಮೇಲ್ಭಾಗದ ತೂಬುಗಳು ಎಷ್ಟು ತೆರೆದಿವೆ ಎಂಬುದೇ ಕೊನೆಭಾಗದ ಹೊಲದ ಹಣೆಬರಹವನ್ನು ತೀರ್ಮಾನಿಸುತ್ತದೆ. ದೇಹವು ಕರಗಿಸುವ ಟ್ರಿಪ್ಟೊಫ್ಯಾನ್‌ನಲ್ಲಿ ಸುಮಾರು ಶೇ. 95 ಕೈನುರೆನಿನ್ ಎಂಬ ಹಾದಿ ಹಿಡಿಯುತ್ತದೆ, ಅದೂ ಬಹುಪಾಲು ಯಕೃತ್ತಿನಲ್ಲಿ. ಸೆರೊಟೋನಿನ್ ಆಗುವುದು ಶೇ. 1ರಿಂದ 2 ಮಾತ್ರ. ಎಲ್ಲಿಯಾದರೂ ಉರಿಯೂತ ಉಂಟಾದರೆ ಈ ಮೊದಲ ತೂಬು ಇನ್ನಷ್ಟು ತೆರೆದುಕೊಳ್ಳುತ್ತದೆ. ಆ ಹಾದಿಯಲ್ಲಿ ಹುಟ್ಟುವ ಕ್ವಿನೊಲಿನಿಕ್ ಆಮ್ಲ ಹೆಚ್ಚಾದರೆ ನರಕೋಶಗಳಿಗೆ ಹಾನಿಕರ. ಅದೇ ಹಾದಿಯ ಇನ್ನೊಂದು ಕವಲಿನ ಕೈನುರೆನಿಕ್ ಆಮ್ಲ ಒಂದು ಮಟ್ಟಿಗೆ ಅದಕ್ಕೆ ತಡೆಯೊಡ್ಡುತ್ತದೆ.

ಸೂಕ್ಷ್ಮಾಣುಗಳದು ಮೂರನೆಯ ಪಾಲು. ಸಣ್ಣ ಕರುಳಿನಲ್ಲಿ ಹೀರಲ್ಪಡದೆ ದೊಡ್ಡ ಕರುಳಿಗೆ ಇಳಿದ ಟ್ರಿಪ್ಟೊಫ್ಯಾನ್ ಅನ್ನು ಅವು ಇಂಡೋಲ್ ಮತ್ತು ಅದರ ಬಳಗದ ವಸ್ತುಗಳಾಗಿ ಮಾರ್ಪಡಿಸುತ್ತವೆ. ಕ್ಲಾಸ್ಟ್ರಿಡಿಯಂ ಸ್ಪೊರೊಜೆನೀಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಇಂಡೋಲ್ ಪ್ರೊಪಿಯಾನಿಕ್ ಆಮ್ಲವು ಕರುಳಿನ ಒಳಪದರವನ್ನು ಬಿಗಿಯಾಗಿಡಲು ನೆರವಾಗುತ್ತದೆ. ಪದರ ಬಿಗಿಯಾಗಿದ್ದರೆ ಉರಿಯೂತ ಕಡಿಮೆ, ಉರಿಯೂತ ಕಡಿಮೆಯಾದರೆ ಮೇಲಿನ ತೂಬಿನ ಸೆಳೆತವೂ ಕಡಿಮೆ. ಸಂಬಂಧ ಇಷ್ಟಕ್ಕೇ ನಿಲ್ಲುವುದಿಲ್ಲ. ಬೀಜಾಣು ಕಟ್ಟುವ ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಕೋಶಗಳನ್ನೇ ಸೆರೊಟೋನಿನ್ ತಯಾರಿಕೆಗೆ ಪ್ರಚೋದಿಸುತ್ತವೆ ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅದು ಇಲಿಗಳ ಮೇಲೆ ನಡೆದದ್ದು ಎಂಬುದನ್ನು ಗುಳಿಗೆ ಮಾರುವವರು ಹೇಳುವುದಿಲ್ಲ.

ರಾಯಚೂರಿನ ನಿವೃತ್ತ ವೈದ್ಯ:

ಬಳ್ಳಾರಿಯವರ ವಿವರಣೆಗೆ ನಮ್ಮ ನೆಲದ್ದೇ ಒಂದು ಅಧ್ಯಾಯವನ್ನು ಸೇರಿಸುತ್ತೇನೆ, ಏಕೆಂದರೆ ಜೋಳದ ಪ್ರಶ್ನೆಗೆ ಉತ್ತರ ಅಲ್ಲಿದೆ. ಪೆಲಾಗ್ರ ಎಂಬ ಕಾಯಿಲೆಯಲ್ಲಿ ಬಿಸಿಲು ಬೀಳುವ ಕುತ್ತಿಗೆ, ಮುಂಗೈಗಳ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹಿಡಿಯುತ್ತದೆ, ಕೊನೆಗೆ ಬುದ್ಧಿಭ್ರಮೆಯಾಗುತ್ತದೆ. ಇದಕ್ಕೆ ಕಾರಣ ನಯಾಸಿನ್, ಅಂದರೆ ಬಿ3 ಜೀವಸತ್ವದ ಕೊರತೆ. ಹಾಲಿನಲ್ಲಿ ನಯಾಸಿನ್ ತೀರ ಕಡಿಮೆಯಿದ್ದರೂ ಹಾಲು ಕುಡಿದವರು ಗುಣವಾಗುತ್ತಿದ್ದುದು ಬಹುಕಾಲ ಒಗಟಾಗಿತ್ತು. ಟ್ರಿಪ್ಟೊಫ್ಯಾನ್‌ನಿಂದಲೇ ಯಕೃತ್ತು ನಯಾಸಿನ್ ತಯಾರಿಸಿಕೊಳ್ಳುತ್ತದೆ, ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್‌ಗೆ 1 ಮಿಲಿಗ್ರಾಂ ನಯಾಸಿನ್‌ನಂತೆ, ಎಂದು ತಿಳಿದ ಮೇಲೆ ಅದು ಬಿಡಿಸಿಕೊಂಡಿತು. ಕೈನುರೆನಿನ್ ಹಾದಿ ಬರಿಯ ಕೇಡಿನ ಹಾದಿಯಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಬೇರೆ ದೇಶಗಳಲ್ಲಿ ಪೆಲಾಗ್ರ ಬಂದದ್ದು ಮೆಕ್ಕೆಜೋಳವನ್ನೇ ನಂಬಿದ ಬಡವರಿಗೆ. ದಖ್ಖನ್ನಿನಲ್ಲಿ ಅದು ಜೋಳ ಉಣ್ಣುವ ಕೂಲಿಕಾರರಲ್ಲಿ ಕಾಣಿಸಿಕೊಂಡಿತು, ಆದರೆ ಜೋಳದಲ್ಲಿ ನಯಾಸಿನ್ ಪಾಲಿಶ್ ಮಾಡಿದ ಅಕ್ಕಿಗಿಂತ ಕಡಿಮೆಯೇನಿಲ್ಲ. ಹೈದರಾಬಾದಿನಲ್ಲಿ ಪೋಷಣೆಯ ಸಂಶೋಧನೆ ನಡೆಸುತ್ತಿದ್ದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲದ ಕಡೆಗೆ ಬೆರಳು ತೋರಿಸಿದರು, ಟ್ರಿಪ್ಟೊಫ್ಯಾನ್ ನಯಾಸಿನ್ ಆಗುವುದಕ್ಕೆ ಅದು ಅಡ್ಡಬರುತ್ತದೆ ಎಂಬ ವಾದದೊಂದಿಗೆ. ಮುಂದಿನ ಎಲ್ಲ ಪ್ರಯೋಗಗಳೂ ಅವರ ವಾದವನ್ನು ಎತ್ತಿಹಿಡಿಯಲಿಲ್ಲ. ಆದರೂ ರಕ್ತದಿಂದ ಮಿದುಳಿನೊಳಕ್ಕೆ ಹೋಗಲು ಹಲವು ಅಮೈನೊ ಆಮ್ಲಗಳಿಗೆ ಒಂದೇ ಬಾಗಿಲು, ಅಲ್ಲಿ ಟ್ರಿಪ್ಟೊಫ್ಯಾನ್ ಜೊತೆ ಪೈಪೋಟಿಗೆ ನಿಲ್ಲುವವರ ಸಾಲಿನಲ್ಲಿ ಇದೇ ಲ್ಯೂಸಿನ್ ಇದೆ ಎಂಬುದು ಗಮನಾರ್ಹ.

ಹಾಗೆಂದು ರೊಟ್ಟಿ ಬಿಡಬೇಡಿ, ಮಾಸ್ತರರೇ. ಅಂದಿನ ಕೂಲಿಕಾರರಿಗೆ ಇದ್ದದ್ದು ರೊಟ್ಟಿ, ಖಾರ, ಉಪ್ಪು. ರೊಟ್ಟಿಯ ಜೊತೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಒಂದಿಷ್ಟು ಪುಂಡಿಪಲ್ಯ ಇರುವ ಮನೆಯಲ್ಲಿ ಟ್ರಿಪ್ಟೊಫ್ಯಾನ್ ಕೊರತೆಯಾಗುವುದಿಲ್ಲ. ಜೋಳದ ಮತ್ತು ಕಾಳಿನ ನಾರು ಸೂಕ್ಷ್ಮಾಣುಗಳಿಗೂ ಮೇವಾಗುತ್ತದೆ. ಗುಳಿಗೆಯ ವಿಷಯಕ್ಕೆ ಬಂದರೆ, 1989ರಲ್ಲಿ ಅಮೆರಿಕದಲ್ಲಿ ಇದೇ ಟ್ರಿಪ್ಟೊಫ್ಯಾನ್ ಗುಳಿಗೆ ನುಂಗಿದ 1500ಕ್ಕೂ ಹೆಚ್ಚು ಜನ ತೀವ್ರ ಸ್ನಾಯುನೋವಿನ ಕಾಯಿಲೆಗೆ ತುತ್ತಾದರು, ಕೆಲವರು ತೀರಿಕೊಂಡರು. ತಯಾರಿಕೆಯಲ್ಲಿ ಸೇರಿದ ಕಲ್ಮಶದ ಮೇಲೆ ಅನುಮಾನ ಬಿದ್ದಿತ್ತು. ತಂದೆಯವರು ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದಾರೆ?

ಕುಷ್ಟಗಿ ಮಾಸ್ತರ:

ಇಬ್ಬರಿಗೂ ಋಣಿ. ಬಿಪಿ ಗುಳಿಗೆಯ ಜೊತೆಗೆ, ನಮ್ಮ ತಾಯಿಯವರು ಹೋದ ಮೇಲೆ ವೈದ್ಯರು ಬರೆದುಕೊಟ್ಟ ಎಸ್ಸಿಟಲೊಪ್ರಾಮ್ ಎಂಬ ಖಿನ್ನತೆಯ ಗುಳಿಗೆ ಇದೆ. ಟ್ರಿಪ್ಟೊಫ್ಯಾನ್ ಇನ್ನೂ ಶುರು ಮಾಡಿಲ್ಲ.

ರಾಯಚೂರಿನ ನಿವೃತ್ತ ವೈದ್ಯ:

ಶುರು ಮಾಡಬೇಡಿ. ಎಸ್ಸಿಟಲೊಪ್ರಾಮ್ ಕೂಡ ಸೆರೊಟೋನಿನ್ ಪ್ರಭಾವವನ್ನು ಹೆಚ್ಚಿಸುವ ಔಷಧ. ಎರಡೂ ಸೇರಿದರೆ ನಡುಕ, ಬೆವರು, ಜ್ವರ, ಗೊಂದಲ ಕಾಣಿಸಿಕೊಂಡು ಪ್ರಾಣಕ್ಕೂ ಸಂಚಕಾರ ಬರಬಹುದು. ಎಸ್ಸಿಟಲೊಪ್ರಾಮ್ ಅನ್ನು ನೀವಾಗಿಯೇ ನಿಲ್ಲಿಸುವುದೂ ಬೇಡ. ನನಗೆ ಚಿಂತೆಯಿರುವುದು ಬೇರೆಯದಕ್ಕೆ: 71ರ ವಯಸ್ಸಿನಲ್ಲಿ ಮಲವಿಸರ್ಜನೆಯ ಕ್ರಮ ಹೊಸದಾಗಿ ಬದಲಾದರೆ ಅದನ್ನು ಸೂಕ್ಷ್ಮಾಣುಗಳ ತಲೆಗೆ ಕಟ್ಟುವ ಮೊದಲು ಕರುಳಿನ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ತೂಕ ಇಳಿದಿದೆಯೇ, ಮಲದಲ್ಲಿ ರಕ್ತವಿದೆಯೇ ನೋಡಿ. ಈ ವಾರವೇ ಅವರನ್ನು ವೈದ್ಯರಲ್ಲಿಗೆ ಕರೆದೊಯ್ದು ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕೊಳವೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಬೇಕೇ ಎಂದು ಕೇಳಿ. ಹೋಗುವಾಗ ಆ ಗುಳಿಗೆಯ ಡಬ್ಬಿಯನ್ನೂ ಒಯ್ಯಿರಿ.