‘ಕಂಪನಿ ಮುಚ್ಚಿದೆ’ ಅಂದರೆ ಏನು? ಡಿಕ್ರಿ ಹಣ ವಸೂಲಿಗೆ ಬೇಕಾದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ,

ಕೋರ್ಟಿನಲ್ಲಿ ಗೆದ್ದು ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ತೀರ್ಪಿನ ಆದೇಶ, ಪಡೆದಿರುತ್ತಾರೆ. ಅಷ್ಟರಲ್ಲಿ ಹಣ ಕೊಡಬೇಕಾದ ಕಂಪನಿ ಬಾಗಿಲು ಹಾಕಿರುತ್ತದೆ. ಇಂಥವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕಾನೂನಿನ ಸಂಗತಿಗಳು ಕೈಯಲ್ಲಿವೆ, ಪದಗಳ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಸಲಹೆ ಬೇಕು.

ಮೊದಲ ತೊಡಕು ‘ಮುಚ್ಚಿದೆ’ ಅನ್ನುವ ಮಾತಿನದೇ. ಕೋರ್ಟಿನ ಆದೇಶಗಳನ್ನು ಜಾಗಕ್ಕೆ ಹೋಗಿ ನಡೆಸುವ ಸಿಬ್ಬಂದಿ, ಅಂದರೆ ಅಮೀನರು, ಜಪ್ತಿ ವಾರಂಟ್ ಹಿಡಿದು ಹೋಗುತ್ತಾರೆ. ‘ಸದರಿ ವಿಳಾಸದಲ್ಲಿ ಕಂಪನಿ ಮುಚ್ಚಿದ್ದು, ಬೀಗ ಹಾಕಿರುವುದರಿಂದ ವಾರಂಟ್ ಜಾರಿಯಾಗದೆ ವಾಪಸ್’ ಎಂದು ಷರಾ ಬರೆದು ಕೊಡುತ್ತಾರೆ. ಅದನ್ನು ಓದಿದ ಡಿಕ್ರಿದಾರರು ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಆ ಷರಾ ಹೇಳುವುದು ಒಂದೇ ಸಂಗತಿ: ಅವತ್ತು ಆ ಬಾಗಿಲಿಗೆ ಬೀಗ ಇತ್ತು. ಕಂಪನಿ ಕಾನೂನಿನ ಲೆಕ್ಕದಲ್ಲಿ ಇದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಹಣದ ಡಿಕ್ರಿಯನ್ನು ಅಮಲಿಗೆ ತರಲು 1963ರ ಕಾಲಮಿತಿ ಕಾಯ್ದೆ 12 ವರ್ಷ ಕೊಟ್ಟಿದೆ. ಒಂದು ವಾರಂಟ್ ವಾಪಸ್ ಬಂದ ಮಾತ್ರಕ್ಕೆ ಡಿಕ್ರಿ ಸಾಯುವುದಿಲ್ಲ.

ನಾವು ಒಂದೇ ಉಸಿರಿನಲ್ಲಿ ‘ಮುಚ್ಚಿದೆ’ ಅನ್ನುವುದರೊಳಗೆ ಬೇರೆಬೇರೆ ಸ್ಥಿತಿಗಳಿವೆ. ಸುಮ್ನೆ ವ್ಯಾಪಾರ ನಿಲ್ಲಿಸಿ ಬೀಗ ಹಾಕಿದ ಕಂಪನಿ ಒಂದು. ಅದರ ಹೆಸರು ಕಂಪನಿಗಳ ರಿಜಿಸ್ಟರಿನಲ್ಲಿ ಇನ್ನೂ ‘ಆಕ್ಟಿವ್’ ಎಂದೇ ಇರಬಹುದು. ಹಾಗಿದ್ದರೆ ಮಾಮೂಲಿ ದಾರಿ ತೆರೆದೇ ಇದೆ. ಅದರ ಬ್ಯಾಂಕ್ ಖಾತೆ, ಯಂತ್ರ, ಜಾಗ, ಬೇರೆಯವರಿಂದ ಅದಕ್ಕೆ ಬರಬೇಕಾದ ಬಾಕಿ, ಯಾವುದನ್ನು ಬೇಕಾದರೂ ಜಪ್ತಿ ಮಾಡಿಸಲು ಕೇಳಬಹುದು. ಇದಕ್ಕೆ ‘ಬಾಗಿಲು ಹಾಕಿದ ಕಂಪನಿ’ ಎಂದರೆ ಸಾಕು ಅನ್ನಿಸುತ್ತದೆ. ಇಲ್ಲಿ ಹೊಸ ಪದ ಹುಡುಕುವ ಅಗತ್ಯ ಕಾಣುತ್ತಿಲ್ಲ.

ಎರಡನೆಯದು ನನ್ನನ್ನು ಜಾಸ್ತಿ ಕಾಡುತ್ತಿರುವುದು: ರಿಜಿಸ್ಟರಿನಿಂದ ಹೆಸರೇ ಹೋಗಿರುವ ಕಂಪನಿ, ‘ಸ್ಟ್ರೈಕ್ ಆಫ್’ ಆದದ್ದು. 2013ರ ಕಂಪನಿ ಕಾಯ್ದೆಯ 248ನೇ ಸೆಕ್ಷನ್ ಪ್ರಕಾರ ರಿಜಿಸ್ಟ್ರಾರ್ ಹೀಗೆ ಹೆಸರು ತೆಗೆಯಬಹುದು. ಕನ್ನಡದಲ್ಲಿ ಇದನ್ನು ‘ನೋಂದಣಿ ರದ್ದು’ ಎಂದು ಬರೆಯುವುದು ರೂಢಿಯಾಗಿದೆ. ನನಗೆ ಇದು ಸರಿ ಕಾಣುವುದಿಲ್ಲ. ‘ರದ್ದು’ ಅಂದ ಕೂಡಲೇ ಇನ್ನು ಮಾಡಲು ಏನೂ ಉಳಿದಿಲ್ಲ ಅನ್ನುವ ಭಾವನೆ ಬರುತ್ತದೆ ಅಲ್ವಾ? ಆದರೆ ಅದೇ ಕಾಯ್ದೆಯ 252ನೇ ಸೆಕ್ಷನ್ ನೋಡಿ. ಕಂಪನಿಯಿಂದ ಹಣ ಬರಬೇಕಾದವರು ಕೂಡ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ ಹಾಕಿ, ಹೆಸರನ್ನು ಮತ್ತೆ ಸೇರಿಸಿ ಎಂದು ಕೇಳಬಹುದು. ಗೆಜೆಟ್‌ನಲ್ಲಿ ಪ್ರಕಟವಾದ ದಿನದಿಂದ 20 ವರ್ಷದವರೆಗೆ ಅವಕಾಶವಿದೆ. ಹೆಸರು ವಾಪಸ್ ಬಂದರೆ ಅಮಲ್ಜಾರಿ, ಅಂದರೆ ಡಿಕ್ರಿಯ ವಸೂಲಿ, ಮತ್ತೆ ಮುಂದುವರಿಸಬಹುದು. ಹಾಗಾಗಿ ‘ಪಟ್ಟಿಯಿಂದ ಹೆಸರು ತೆಗೆದ ಕಂಪನಿ’ ಎಂದು ಬರೆದಿದ್ದೇನೆ. ಮತದಾರರ ಪಟ್ಟಿಯ ವಿಷಯದಲ್ಲಿ ಎಲ್ಲರೂ ಆಡುವ ಮಾತಿದು. ತೆಗೆದ ಹೆಸರನ್ನು ಮತ್ತೆ ಸೇರಿಸಬಹುದು ಅನ್ನುವುದು ಓದುಗರಿಗೆ ಅದರಲ್ಲೇ ಹೊಳೆಯುತ್ತದೆ. ಸ್ವಲ್ಪ ಉದ್ದವಾಯಿತು, ನಿಜ. ಇದಕ್ಕಿಂತ ಚಿಕ್ಕದು ನಿಮಗೆ ಹೊಳೆದರೆ ತಿಳಿಸಿ.

ಇಲ್ಲೇ ಇನ್ನೊಂದು ಎಚ್ಚರ ಬೇಕು. ಹೆಸರು ತೆಗೆದ ಮೇಲೂ ನಿರ್ದೇಶಕರ ‘ಹೊಣೆ ಮುಂದುವರಿಯುತ್ತದೆ’ ಎಂದು 248ನೇ ಸೆಕ್ಷನ್ ಹೇಳುತ್ತದೆ. ಇದನ್ನು ಹಾಗೇ ಕನ್ನಡಕ್ಕೆ ತಂದರೆ, ಕಂಪನಿಯ ಸಾಲಕ್ಕೆ ನಿರ್ದೇಶಕರ ಮನೆ ಜಪ್ತಿ ಮಾಡಬಹುದು ಎಂದು ಓದುಗರು ತಿಳಿಯುತ್ತಾರೆ. ಅದು ಹಾಗಲ್ಲ. ಮೊದಲೇ ಅವರ ಮೇಲೆ ಯಾವ ಹೊಣೆ ಇತ್ತೋ ಅದು ಉಳಿಯುತ್ತದೆ, ಅಷ್ಟೆ. ಅವರೇ ಜಾಮೀನು ನಿಂತಿದ್ದರೆ ಅಥವಾ ಮೋಸ ಸಾಬೀತಾದರೆ ಮಾತು ಬೇರೆ. ‘ಮೊದಲಿದ್ದ ಹೊಣೆ ಹೋಗುವುದಿಲ್ಲ’ ಎಂದು ತಿರುಗಿಸಿ ಬರೆದಿದ್ದೇನೆ. ಅರ್ಥ ಸರಿಯಾಗಿ ಮುಟ್ಟುತ್ತದೆಯೇ ನೋಡಿ.

ಮೂರನೆಯದು ಲಿಕ್ವಿಡೇಶನ್, ಅಂದರೆ ಕಂಪನಿಯ ಆಸ್ತಿ ಮಾರಿ ಬಂದ ಹಣವನ್ನು ಅದರಿಂದ ಹಣ ಬರಬೇಕಾದವರಿಗೆ ಹಂಚುವ ಕೆಲಸ. ಸರ್ಕಾರಿ ಕನ್ನಡದಲ್ಲಿ ‘ಸಮಾಪನ’. ಪತ್ರಿಕೆಗಳು ಎಲ್ಲದಕ್ಕೂ ‘ದಿವಾಳಿ’ ಅನ್ನುತ್ತವೆ. ಎರಡೂ ಕೈಪಿಡಿಗೆ ಒಗ್ಗುತ್ತಿಲ್ಲ. ಮೊದಲನೆಯದು ಯಾರಿಗೂ ತಿಳಿಯುವುದಿಲ್ಲ. ಎರಡನೆಯದು ಹೇಳುವುದು ಸ್ಥಿತಿಯನ್ನು, ಕೆಲಸವನ್ನಲ್ಲ. ದಿವಾಳಿಯಾದ ಕಂಪನಿಯನ್ನು ಬೇರೆಯವರು ಕೊಂಡು ನಡೆಸಬಹುದು. ದಿವಾಳಿಯಾಗದ ಕಂಪನಿಯೂ ತಾನಾಗಿ ಲೆಕ್ಕ ಮುಗಿಸಿ ಹೋಗಬಹುದು. ನಾನು ‘ಆಸ್ತಿ ಮಾರಿ ಹಂಚುವುದು’ ಎಂದು ಬಿಡಿಸಿ ಬರೆದಿದ್ದೇನೆ. ‘ಸಾಲ ಚುಕ್ತಾ ಮಾಡುವುದು’ ಅಂತ ಬರೆಯಬಹುದಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಒಪ್ಪಲಾಗಲಿಲ್ಲ. ಚುಕ್ತಾ ಅಂದರೆ ಪೂರ್ತಿ ತೀರಿತು ಎಂದರ್ಥ. ಇಲ್ಲಿ ಪೂರ್ತಿ ಸಿಗುವ ಭರವಸೆಯೇ ಇಲ್ಲ. 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಪ್ರಕಾರ ಮೊದಲು ಈ ಪ್ರಕ್ರಿಯೆಯ ಖರ್ಚು, ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡವು ಇಟ್ಟುಕೊಂಡು ಸಾಲ ಕೊಟ್ಟವರು. ಅಡವು ಇಲ್ಲದ ಡಿಕ್ರಿದಾರರ ಸರದಿ ಬರುವುದು ತುಂಬ ಹಿಂದೆ. ಈ ಹಂತದಲ್ಲಿ ಜಪ್ತಿಗೆ ಓಡಾಡಿ ಉಪಯೋಗವಿಲ್ಲ. ಈ ಕೆಲಸ ನಡೆಸುವ ಲಿಕ್ವಿಡೇಟರ್ ಹತ್ತಿರ ಕ್ಲೇಮ್, ಅಂದರೆ ‘ನನಗೆ ಇಷ್ಟು ಬರಬೇಕು’ ಎಂಬ ಕೋರಿಕೆ, ಸಲ್ಲಿಸಬೇಕು, ಅದೂ ಪ್ರಕ್ರಿಯೆ ಶುರುವಾದ 30 ದಿನದೊಳಗೆ. ಪದ ತಪ್ಪಿ ದಾರಿ ತಪ್ಪಿದರೆ ಈ 30 ದಿನ ಕೈಬಿಟ್ಟು ಹೋಗುತ್ತದೆ. ನಾನು ಇಷ್ಟೊಂದು ಒದ್ದಾಡುತ್ತಿರುವುದು ಅದಕ್ಕೇ.

ಹೀಗೆ ಆಸ್ತಿ ಮಾರಿ ಹಂಚಿ, ನ್ಯಾಯಮಂಡಳಿಯ ಆದೇಶದಿಂದ ಪೂರ್ತಿ ಮುಗಿದುಹೋದ ಕಂಪನಿಗೆ ‘ವಿಸರ್ಜಿತ’ ಎಂದು ಬರೆದಿದ್ದೇನೆ. ‘ವಿಧಾನಸಭೆ ವಿಸರ್ಜನೆ’ಯಿಂದ ಪರಿಚಯ ಇರುವ ಪದ. ಬೇರೆ ಇದ್ದರೆ ಹೇಳಿ.

‘ಜಾರಿ’ ಬಗ್ಗೆಯೂ ಒಂದು ಮಾತು. ‘ಸಮನ್ಸ್ ಜಾರಿಯಾಯಿತು’ ಅಂದರೆ ತಲುಪಿತು. ‘ಡಿಕ್ರಿ ಜಾರಿಯಾಯಿತು’ ಅಂದರೆ ಹಣವೋ ಆಸ್ತಿಯೋ ಕೈಗೆ ಬಂತು. ‘ಆದೇಶ ಜಾರಿ’ ಅಂದರೆ ಹೊರಡಿಸಿದರು. ಹೊಸಬರು ‘ಡಿಕ್ರಿ ಜಾರಿ’ ಎಂಬುದನ್ನು ಡಿಕ್ರಿ ಹೊರಬಿದ್ದಿದೆ ಎಂದೇ ಓದುತ್ತಾರೆ. ಹಾಗಾಗಿ ವಸೂಲಿಯ ಅರ್ಥಕ್ಕೆ ಎಲ್ಲ ಕಡೆ ‘ಅಮಲ್ಜಾರಿ’ಯನ್ನೇ ಇಟ್ಟಿದ್ದೇನೆ, ಹಳೆಯ ಕೋರ್ಟಿನ ಪದವಾದರೂ.

ಕೊನೆಗೆ ‘ಸಾಲಗಾರ’. ‘ಬ್ಯಾಂಕಿನ ಸಾಲಗಾರರು’ ಅಂದರೆ ಸಾಲ ತೆಗೆದುಕೊಂಡವರು. ‘ಸಾಲಗಾರರ ಕಾಟ’ ಅಂದರೆ ಸಾಲ ಕೊಟ್ಟವರು. ಎರಡೂ ಒಳ್ಳೆಯ ಕನ್ನಡವೇ. ಆದರೆ ಯಾರು ಯಾರಿಗೆ ಕೊಡಬೇಕು ಎಂಬುದೇ ಮುಖ್ಯವಾದ ಕೈಪಿಡಿಯಲ್ಲಿ ಈ ಪದ ಇಟ್ಟರೆ ಗೊಂದಲ ಖಂಡಿತ. ಕೋರ್ಟಿನವರ ‘ತೀರ್ಪಿನ ಋಣಿ’ ಕಾಗದದಲ್ಲಿ ಸರಿ, ಮಾತಿಗೆ ಬರುವುದಿಲ್ಲ. ‘ಕೊಡಬೇಕಾದವರು’, ‘ಬರಬೇಕಾದವರು’ ಎಂದು ಬರೆದು ನೋಡಿದೆ. ಕಿವಿಗೆ ಚೆನ್ನಾಗಿದೆ, ಆದರೆ ಫಾರಂ ತುಂಬುವಾಗ ಇದನ್ನು ಎಲ್ಲಿ ಬರೆಯಬೇಕೆಂದು ತಿಳಿಯುವುದು ಕಷ್ಟ.

ಕೋರ್ಟಿನಲ್ಲಿ ಕೆಲಸ ಮಾಡಿದವರು, ವಕೀಲರ ಗುಮಾಸ್ತರಾಗಿದ್ದವರು ಇಲ್ಲಿದ್ದರೆ ಎರಡು ಪ್ರಶ್ನೆಗೆ ದಯವಿಟ್ಟು ಉತ್ತರಿಸಿ. ಹೆಸರು ತೆಗೆದ ಕಂಪನಿಗೆ ಕಕ್ಷಿದಾರರು ಬಾಯಿಮಾತಿನಲ್ಲಿ ಏನನ್ನುತ್ತಾರೆ? ಲಿಕ್ವಿಡೇಟರ್‌ಗೆ ಕೊಡುವ ‘ಕ್ಲೇಮ್’ಗೆ ‘ಹಕ್ಕು ಅರ್ಜಿ’ ಅಂದರೆ ನಡೆಯುತ್ತದೆಯೇ, ಇಲ್ಲ ಕ್ಲೇಮ್ ಎಂದೇ ಬಿಡಬೇಕೇ?